ಓಡುವ ಕುದುರೆಗೆ ‘ಸಾಕು’ ಎನ್ನುವ ಕೆಲಸ

ಕುದುರೆ ಡಾಕ್ಟರ್ ಕೆಲಸಕ್ಕೆಂದು ಗಲ್ಫಿಗೆ ಹೊರಟ ಹುಡುಗ ಹುಡುಗಿಯರು ನನಗೆ ಫೋನ್ ಮಾಡಿದರೆ ಮೊದಲು ಸಂಬಳ ಕೇಳುತ್ತಾರೆ, ಆಮೇಲೆ ಸೆಕೆ ಎಷ್ಟು ಎಂದು ಕೇಳುತ್ತಾರೆ. ಅವೆರಡಕ್ಕೂ ಉತ್ತರ ಯಾರು ಬೇಕಾದರೂ ಕೊಡಬಹುದು. ಯಾರೂ ಹೇಳದ ಸಂಗತಿ ಬೇರೆಯೇ ಇದೆ. ಮರುಭೂಮಿಯ ದೂರದ ಓಟಗಳಲ್ಲಿ ನಿಮ್ಮ ಕೈಗೆ ಸೂಜಿ, ಮದ್ದು ಬರುವುದು ಅಪರೂಪ. ಖುಷಿಯಲ್ಲಿ ಕುಣಿಯುತ್ತಿರುವ ಒಂದು ದೊಡ್ಡ ಕುಟುಂಬದ ಎದುರು ನಿಂತು, “ಸಾಕು, ಖಲಾಸ್, ಈ ಕುದುರೆ ಇನ್ನು ಓಡುವುದಿಲ್ಲ” ಎಂದು ಹೇಳುವುದೇ ನಿಮ್ಮ ದೊಡ್ಡ ಕೆಲಸ. ಅದನ್ನು ಹೇಳಲು ನನಗೆ ಯಾವ ಕಾಲೇಜೂ ಕಲಿಸಲಿಲ್ಲ.

ನಾನು ಕುವೈತಿನ ಕುದುರೆ ಲಾಯಗಳಲ್ಲಿ ದುಡಿದು ಕಳೆದ ವರ್ಷ ನಿವೃತ್ತಳಾದವಳು. ಗಂಡನ ಕೆಲಸ ಅಹ್ಮದಿಯಲ್ಲಿ ಇನ್ನೂ ಉಳಿದಿರುವುದರಿಂದ ಇಲ್ಲೇ ಇದ್ದೇನೆ. ನಮ್ಮ ಮನೆಯಲ್ಲಿ ಡಿಗ್ರಿ ಎಂಬುದನ್ನು ಕಂಡ ಮೊದಲ ಜನ ನಾನೇ. ಅಮ್ಮ ಬೀಡಿ ಕಟ್ಟುತ್ತಿದ್ದಳು, ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ, ಹೇಳದೆ ಬಿಟ್ಟರೆ ಸಂಕೋಚವಾದೀತು. ಪಶುವೈದ್ಯಕೀಯದ ಸೀಟು ಸಿಕ್ಕಿದಾಗ ನೆರೆಕರೆಯವರು, “ಇಷ್ಟೆಲ್ಲ ಓದಿ ಕಡೆಗೆ ದನದ ಡಾಕ್ಟ್ರಾ?” ಎಂದರು. ಕುವೈತಿಗೆ ಬಂದ ಮೇಲೆ ನಮ್ಮವರ ಕಾರ್ಯಕ್ರಮಗಳಲ್ಲಿ ಡಾಕ್ಟ್ರು ಎಂದು ಯಾರಾದರೂ ಪರಿಚಯಿಸಿದರೆ ಸಾಕು, ನಾಲ್ಕು ಜನ ಮೊಣಕಾಲು ಮುಂದೆ ಚಾಚುತ್ತಿದ್ದರು. ಕುದುರೆಗಳ ಡಾಕ್ಟರ್ ಎಂದ ಕೂಡಲೇ ಕಾಲುಗಳು ಕುರ್ಚಿಯಡಿಗೆ ಹೋಗುತ್ತಿದ್ದವು. ಒಬ್ಬ ಹಿರಿಯರು ಮಾತ್ರ ಕಾಲು ಎಳೆದುಕೊಳ್ಳಲಿಲ್ಲ. “ಅಡ್ಡಿಯಿಲ್ಲ ಮಾರಾಯ್ತಿ, ಕುದುರೆಗೂ ಗಂಟು ಉಂಟಲ್ಲ, ಒಮ್ಮೆ ನೋಡಿ” ಎಂದರು. ನೋಡಿದೆ. ಕುದುರೆಯಾಗಿದ್ದರೆ ಓಡಲು ಬಿಡುತ್ತಿರಲಿಲ್ಲ ಎಂದೆ. ಅವರಿಗೆ ಬಹಳ ಸಮಾಧಾನವಾಯಿತು.

ಓಟದ ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇದು ಎರಡು ನಿಮಿಷದಲ್ಲಿ ಮುಗಿಯುವ ರೇಸ್‌ಕೋರ್ಸಿನ ಓಟವಲ್ಲ. ಚಳಿಗಾಲದ ಬೆಳಗಿನಲ್ಲಿ ಶುರುವಾಗಿ ಮಧ್ಯಾಹ್ನದವರೆಗೆ, ಎಂಬತ್ತು ಕಿಲೋಮೀಟರೋ ನೂರೋ, ಮನೆಮಠವಿಲ್ಲದ ಬಯಲಿನಲ್ಲಿ ಸುತ್ತು ಸುತ್ತಾಗಿ ಓಡುವುದು. ಪ್ರತಿ ಸುತ್ತು ಮುಗಿದಾಗ ಕುದುರೆ ನಮ್ಮ ಹತ್ತಿರ ಬರಬೇಕು. ಆ ಜಾಗಕ್ಕೆ ವೆಟ್ ಗೇಟ್ ಎನ್ನುತ್ತಾರೆ. ಗೊತ್ತುಪಡಿಸಿದ ಸಮಯದೊಳಗೆ ಅದರ ಎದೆಬಡಿತ ನಿಮಿಷಕ್ಕೆ ಅರವತ್ತನಾಲ್ಕಕ್ಕೆ ಇಳಿಯಬೇಕು. ಆಮೇಲೆ ಒಸಡು ನೋಡುತ್ತೇವೆ, ಕತ್ತಿನ ಚರ್ಮ ಚಿವುಟಿ ನೋಡುತ್ತೇವೆ, ಹೊಟ್ಟೆಗೆ ಕಿವಿಗೊಡುತ್ತೇವೆ, ಕೊನೆಗೆ ಹಗ್ಗ ಹಿಡಿದು ನಿಧಾನವಾಗಿ ಓಡಿಸಿ ನಾಲ್ಕೂ ಕಾಲು ಸಮ ಬೀಳುತ್ತದೆಯೇ ಎಂದು ನೋಡುತ್ತೇವೆ. ಎಲ್ಲ ಸರಿಯಿದ್ದರೆ ವಿಶ್ರಾಂತಿ, ಮತ್ತೆ ಓಟ. ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದ ಕುದುರೆಯೂ ನಮ್ಮ ಪರೀಕ್ಷೆ ಪಾಸಾಗದಿದ್ದರೆ ಗೆದ್ದ ಲೆಕ್ಕವಿಲ್ಲ.

ನನ್ನ ಮೊದಲ ಓಟಕ್ಕೆ ನಾನು ಬಿಳಿ ಕೋಟು ಹಾಕಿಕೊಂಡು ಹೋದೆ. ಆ ಕೋಟಿನ ಬಗ್ಗೆ ಹೇಳಲೇಬೇಕು. ಡಿಗ್ರಿ ಕೈಗೆ ಬಂದ ವಾರ ಅಮ್ಮ ನಮ್ಮೂರಿನ ದರ್ಜಿಯಿಂದ ಹೊಲಿಸಿದ್ದು. ಅಳತೆಯಲ್ಲಿ ಸ್ವಲ್ಪ ದೊಡ್ಡದು, “ಮುಂದೆ ದಪ್ಪ ಆಗ್ತಿಯಲ್ಲ” ಎಂಬ ಮುಂದಾಲೋಚನೆ. ಅದನ್ನು ಇಸ್ತ್ರಿ ಮಾಡಿ ಹಾಕಿಕೊಂಡು ಮರಳಿನ ನಡುವೆ ನಾನು ಕೊಕ್ಕರೆಯ ಹಾಗೆ ನಿಂತಿದ್ದೆ. ನನ್ನ ಸಾಲಿಗೆ ಬಂದ ಮೊದಲ ಕುದುರೆಯ ಎದೆಬಡಿತ ಎಪ್ಪತ್ತರ ಮೇಲೆ. ಎರಡನೆಯದೂ ಹಾಗೆ. ಮೂರನೆಯದು ನನ್ನನ್ನು ಕಂಡು ಹಿಂದಿನ ಕಾಲಿನ ಮೇಲೆ ಎದ್ದಿತು. ಪಕ್ಕದ ಸಾಲುಗಳಲ್ಲಿ ಎಲ್ಲ ಕುದುರೆಗಳೂ ಸಲೀಸಾಗಿ ಪಾಸಾಗುತ್ತಿದ್ದವು. ಸ್ವಲ್ಪ ಹೊತ್ತಿಗೆ ಕುದುರೆ ಹಿಡಿದ ಹುಡುಗರು ನನ್ನ ಸಾಲು ಬಿಟ್ಟು ದೂರದ ಸಾಲುಗಳಿಗೆ ಹೋಗಿ ನಿಲ್ಲತೊಡಗಿದರು. ನನ್ನ ಎದುರು ಬರೀ ಮರಳು.

ನಮ್ಮ ಮುಖ್ಯ ವೈದ್ಯರು ದಕ್ತೂರ್ ಸಮೀರ್ ಎಂಬ ಈಜಿಪ್ಟಿನವರು. ಅರಬಿಯಲ್ಲಿ ಗಂಡು ಡಾಕ್ಟರ್ ದಕ್ತೂರ್, ಹೆಣ್ಣು ಡಾಕ್ಟರ್ ದಕ್ತೂರಾ. ದೊಡ್ಡ ಹೊಟ್ಟೆ, ಸಣ್ಣ ದನಿ, ಕೈಯಲ್ಲಿ ಯಾವಾಗಲೂ ಕರಿ ಚಹಾದ ಗ್ಲಾಸು. ಅವರು ನಿಧಾನವಾಗಿ ಬಂದು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ದಕ್ತೂರಾ, ಈ ಕುದುರೆಗಳಿಗೆ ಲಾಯದಲ್ಲಿ ಸೂಜಿ ಚುಚ್ಚುವವರು ಯಾವ ಬಣ್ಣದ ಬಟ್ಟೆ ಹಾಕಿರ್ತಾರೆ?”

“ಬಿಳಿ.”

“ಹಾಗಾದರೆ ಇಲ್ಲಿ ಕಾಯಿಲೆ ಕುದುರೆಗಲ್ಲ. ಕಾಯಿಲೆ ನೀವೇ. ತೆಗೀರಿ ಅದನ್ನು.”

ತೆಗೆದೆ. ಒಳಗೆ ಮಾಸಿದ ಕಂದು ಬಣ್ಣದ ಚೂಡಿದಾರ. ಮುಂದಿನ ಕುದುರೆ ನನ್ನ ಭುಜಕ್ಕೆ ಮೂತಿ ಉಜ್ಜಿತು, ಬಡಿತ ಐವತ್ತೆಂಟು. ಆ ಸಂಜೆ ಊರಿಗೆ ಫೋನ್ ಮಾಡಿದಾಗ ಅಮ್ಮ, “ಕೋಟು ಹಾಕಿದ್ಯಾ? ಎಲ್ಲರೂ ನೋಡಿದ್ರಾ?” ಎಂದು ಕೇಳಿದಳು. ಎಲ್ಲರೂ ನೋಡಿದರು ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಸಮೀರ್ ಅವರಿಂದ ನಾನು ಕಲಿತದ್ದು ಬಹಳ. ಕುದುರೆ ಹತ್ತಿರ ಬಂದಾಗ ಅದರ ಮಾಲೀಕ ಏನು ಹೇಳಿದರೂ ಕೇಳಿಸಿಕೊಳ್ಳಬಾರದು, ಮೊದಲು ಕುದುರೆಯ ಮಾತು ಎನ್ನುತ್ತಿದ್ದರು. ಯಾರಾದರೂ ಕಿರುಚಿದರೆ ಅವರು ತಮ್ಮ ದನಿಯನ್ನು ಇನ್ನೂ ತಗ್ಗಿಸುತ್ತಿದ್ದರು. ಏನು ಹೇಳಿದರು ಎಂದು ಕೇಳಲು ಎದುರಿನವನು ಬಾಯಿ ಮುಚ್ಚಲೇಬೇಕಾಗುತ್ತಿತ್ತು. ನನ್ನ ಗಂಡನ ಮೇಲೆ ಈ ಉಪಾಯ ಮಾಡಿ ನೋಡಿದ್ದೇನೆ, ನಡೆಯುವುದಿಲ್ಲ. ಅವರು ಟಿವಿಯ ದನಿ ಜೋರು ಮಾಡುತ್ತಾರೆ.

ಕುದುರೆಯನ್ನು ನೋಡಿಕೊಳ್ಳುವ ಭರದಲ್ಲಿ ನಾವು ಮೇಲೆ ಕೂತವರನ್ನು ಮರೆಯುತ್ತಿದ್ದ ಕಾಲವೂ ಇತ್ತು. ಕ್ರೂ ಎಂದು ಕರೆಯುವ ಸಹಾಯಕರ ತಂಡ ದಾರಿಬದಿಯಿಂದ ನೀರಿನ ಬಾಟಲಿ ಚಾಚುತ್ತದೆ. ಸವಾರರು ಅದನ್ನು ಕಸಿದು ಪೂರ್ತಿ ಕುದುರೆಯ ಕತ್ತಿಗೆ ಸುರಿಯುತ್ತಾರೆ, ತಾವು ಒಂದು ಗುಟುಕು ಕುಡಿಯುವುದಿಲ್ಲ. ಒಮ್ಮೆ ಒಬ್ಬ ಹುಡುಗ ಗೇಟಿಗೆ ಬಂದು, “ದಕ್ತೂರಾ, ನನ್ನ ಕುದುರೆ ಹೇಗಿದೆ?” ಎಂದು ಕೇಳುತ್ತಲೇ ನನ್ನ ಕಾಲ ಬಳಿ ಕುಸಿದ. ಕುದುರೆ ಬಹಳ ಚೆನ್ನಾಗಿತ್ತು. ಅಂದಿನಿಂದ ನನ್ನ ಸಾಲಿನಲ್ಲಿ ಒಂದು ಕಾನೂನು ಮಾಡಿದೆ. ಸವಾರ ನನ್ನ ಕಣ್ಣೆದುರು ನೀರು ಕುಡಿಯಬೇಕು, ಆಮೇಲೆಯೇ ನಾನು ಸ್ಟೆತಾಸ್ಕೋಪ್ ಎತ್ತುವುದು. ಬೈದರು, ಕುಡಿದರು.

ಇನ್ನೊಂದು ಅಪಾಯ ಈ ದೇಶದ್ದೇ. ಚಳಿಗಾಲ ಬಂತೆಂದರೆ ಇಲ್ಲಿನ ಕುಟುಂಬಗಳು ಮರುಭೂಮಿಯಲ್ಲಿ ಡೇರೆ ಹಾಕಿ ವಾರಗಟ್ಟಲೆ ಉಳಿಯುತ್ತವೆ. ಡೇರೆ ಕಿತ್ತ ಮೇಲೆ ಗೂಟ, ತಂತಿ, ಹಗ್ಗದ ತುಂಡುಗಳು ಮರಳಿನಲ್ಲಿ ಅಡಗಿ ಉಳಿಯುತ್ತವೆ. ಓಡುವ ಕುದುರೆಗೆ ಅವು ಕಾಣುವುದಿಲ್ಲ. ಓಟದ ಹಿಂದಿನ ದಿನ ಪೂರ್ತಿ ದಾರಿಯನ್ನು ಯಾರಾದರೂ ಗಾಡಿಯಲ್ಲಿ ನಿಧಾನವಾಗಿ ಹೋಗಿ, ಅನುಮಾನದ ಜಾಗದಲ್ಲಿ ಇಳಿದು ನಡೆದು ನೋಡಬೇಕು ಎಂದು ನಾನು ಪ್ರತಿ ಸಭೆಯಲ್ಲಿ ಹೇಳುತ್ತಿದ್ದೆ. “ಈ ಹೆಂಗಸಿಗೆ ಗೂಟದ ಹುಚ್ಚು” ಎಂದು ನಗುತ್ತಿದ್ದರು. ಹುಚ್ಚು ಯಾಕೆ ಹಿಡಿಯಿತು ಎಂಬುದು ಮುಂದೆ ಬರುತ್ತದೆ.

ಮೊದಲು ದಾರಿಯ ತಿರುವುಗಳಲ್ಲಿ ಬಾವುಟ ಹಿಡಿದ ಜನರಿರುತ್ತಿದ್ದರು. ಸವಾರ ಕಳೆದುಹೋದರೆ ಧೂಳು ನೋಡಿ ಹುಡುಕಬೇಕು. ಆಮೇಲೆ ಪ್ರತಿ ಸವಾರನ ಅಂಗಿಗೆ ಸಿಕ್ಕಿಸುವ ಸಣ್ಣ ಟ್ರ್ಯಾಕರ್ ಬಂತು, ಯಾರು ಎಲ್ಲಿದ್ದಾರೆ ಎಂದು ಪರದೆಯ ಮೇಲೆ ಚುಕ್ಕಿಯಾಗಿ ಕಾಣುತ್ತದೆ. ಅದು ಬಂದ ಮೊದಲ ಓಟದಲ್ಲೇ ಒಂದು ಚುಕ್ಕಿ ದಾರಿ ಬಿಟ್ಟು ಹೆದ್ದಾರಿಗೆ ಹೋಯಿತು. ನಾವೆಲ್ಲ ಗಾಬರಿ. ಕುದುರೆ ಹೆದರಿ ಓಡಿದೆ ಎಂದು ಆಂಬುಲೆನ್ಸ್ ಹೊರಡಿಸಿದೆವು. ಚುಕ್ಕಿ ಪೆಟ್ರೋಲ್ ಪಂಪಿನಲ್ಲಿ ನಿಂತಿತು. ಅಷ್ಟರಲ್ಲಿ ಆ ಕುದುರೆ, ಅದರ ಸವಾರ, ಇಬ್ಬರೂ ಆರಾಮಾಗಿ ನಮ್ಮ ಗೇಟಿನೊಳಗೆ ಬಂದರು.

ಟ್ರ್ಯಾಕರ್ ಇದ್ದದ್ದು ಅವರ ಕ್ರೂ ಮುಖ್ಯಸ್ಥ ಹಮೀದಾಕನ ಗಾಡಿಯಲ್ಲಿ. ಹಮೀದಾಕ ನಮ್ಮ ಕರಾವಳಿಯ ಬ್ಯಾರಿ, ಸುಲೈಬಿಯಾದ ಒಂದು ಲಾಯದಲ್ಲಿ ಬಹಳ ವರ್ಷಗಳಿಂದ ಇದ್ದವನು. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ, ಸಿಟ್ಟು ಬಂದಾಗ, ಗಂಭೀರ ಮಾತಿಗೆ ಮಾತ್ರ ಕನ್ನಡ.

“ಎಂತ ಹಮೀದಾಕ ಇದು? ನಮ್ಮ ಜೀವ ಬಾಯಿಗೆ ಬಂತು!”

“ಅಲ್ಲ ಡಾಕ್ಟ್ರಕ್ಕ, ಅದರ ಬ್ಯಾಟರಿ ಕಮ್ಮಿ ಇತ್ತು. ಗಾಡಿಯಲ್ಲಿ ಚಾರ್ಜಿಗೆ ಇಟ್ಟೆ. ಚಾರ್ಜ್ ಇಲ್ಲದ ಮಿಷಿನ್ ಹುಡುಗನ ಅಂಗಿಯಲ್ಲಿ ಇದ್ದು ಎಂತ ಪ್ರಯೋಜನ?”

“ಪಂಪಿಗೆ ಯಾಕೆ ಹೋದದ್ದು?”

“ನಂಗೂ ಚಾರ್ಜ್ ಬೇಡ್ವಾ? ಚಾಯ ಕುಡಿದೆ.”

ಇದೇ ಹಮೀದಾಕನ ಲಾಯದ ಕಥೆಯನ್ನು ನಾನು ಹೊಸಬರಿಗೆ ತಪ್ಪದೆ ಹೇಳುತ್ತೇನೆ. ಲಾಯದ ಯಜಮಾನ ಅಬು ನಾಸಿರ್, ಅವರ ಮಗಳು ಹೆಸ್ಸಾ. ಹೆಸ್ಸಾಳ ಹೆಣ್ಣು ಕುದುರೆ ರೀಮ್, ಬೂದು ಬಣ್ಣ, ಜಿಂಕೆಯ ಕಿವಿ. ನಾನು ಹೇಳಹೊರಟ ಓಟದ ಹಿಂದಿನ ಋತುವಿನಲ್ಲಿ ಡೇರೆಯ ತಂತಿಯೊಂದು ಕಾಲಿಗೆ ಸಿಕ್ಕಿ ರೀಮ್ ಮುಗ್ಗರಿಸಿತು, ಹೆಸ್ಸಾ ಬಿದ್ದು ಕೊರಳೆಲುಬು ಮುರಿದುಕೊಂಡಳು. ಗೂಟದ ಹುಚ್ಚು ನನಗೆ ಹಿಡಿದದ್ದು ಆಗ. ಕುದುರೆಗೆ ಬರೀ ತರಚು ಗಾಯ. ಆದರೆ ಆ ಮನೆಯಲ್ಲಿ ಅಂತಿಮ ಮಾತು ಅಬು ನಾಸಿರ್ ಅವರದ್ದಲ್ಲ, ಅವರ ತಾಯಿಯದ್ದು. ಅಜ್ಜಿಯನ್ನು ಎಲ್ಲರೂ ಉಮ್ಮಿ ಎಂದೇ ಕರೆಯುತ್ತಿದ್ದರು. ಉಮ್ಮಿ, “ಸವಾರಿ ಖಲಾಸ್, ಹುಡುಗಿ ಬ್ಯಾಂಕಿನಲ್ಲಿ ಕುರ್ಚಿಯ ಮೇಲೆ ಕೂರಲಿ, ಕುರ್ಚಿ ಮುಗ್ಗರಿಸುವುದಿಲ್ಲ” ಎಂದುಬಿಟ್ಟರು.

ಹೆಸ್ಸಾ ಒಂದು ವರ್ಷ ಅಜ್ಜಿಯ ಬೆನ್ನು ಹತ್ತಿದಳು. ಕೊನೆಗೆ ಒಪ್ಪಂದವಾಯಿತು. ಒಂದೇ ಒಂದು ಓಟ. ಉಮ್ಮಿ ಸ್ವತಃ ಬಂದು ನೋಡುವರು. ಹುಡುಗಿ, ಕುದುರೆ ಎರಡೂ ಓಟ ಮುಗಿಸಿ ಸುರಕ್ಷಿತವಾಗಿ ಬಂದರೆ ಸವಾರಿ ಮುಂದುವರಿಯಲಿ. ಇಲ್ಲದಿದ್ದರೆ ರೀಮ್ ಮರಿ ಹಾಕಲು ತೋಟಕ್ಕೆ, ಹೆಸ್ಸಾ ಬ್ಯಾಂಕಿಗೆ. ಇದನ್ನು ನನಗೆ ಹೇಳಿದ್ದು ಹೆಸ್ಸಾಳೇ, ಓಟದ ಹಿಂದಿನ ದಿನ, ನಗುತ್ತಾ. ಅವಳ ಕೈ ಮಾತ್ರ ಕುದುರೆಯ ಕುತ್ತಿಗೆಯ ಕೂದಲನ್ನು ಬಿಗಿಯಾಗಿ ಹಿಡಿದಿತ್ತು.

ಉಮ್ಮಿ ಬಂದರೆಂದರೆ ಮನೆಯೇ ಬಂದ ಹಾಗೆ. ಚಿಕ್ಕಪ್ಪಂದಿರು, ಅತ್ತೆಯರು, ಅವರ ಮಕ್ಕಳು, ಮಕ್ಕಳನ್ನು ನೋಡಿಕೊಳ್ಳುವವರು, ಗಾಡಿಗಳ ಉದ್ದ ಸಾಲು. ಒಂದು ದೊಡ್ಡ ಡೇರೆ, ಗಾವಾ ಎಂಬ ಅರಬಿ ಕಾಫಿಯ ಫ್ಲಾಸ್ಕುಗಳು, ಖರ್ಜೂರದ ತಟ್ಟೆಗಳು, ಧೂಪದ ಹೊಗೆ. ಮೊದಲ ಸುತ್ತು ಮುಗಿಸಿ ರೀಮ್ ಒಳ್ಳೆಯ ಸ್ಥಿತಿಯಲ್ಲಿ ಬಂತು. ಜೀನು ಬಿಚ್ಚಿ ನೀರು ಸುರಿದರು. ಬಡಿತ ಇಳಿಯಬೇಕು, ಇಳಿಯಲಿಲ್ಲ. ಹಮೀದಾಕ ಕ್ರೂ ಜಾಗದಲ್ಲಿ ತಾನೇ ಅಳೆದು ನೋಡುತ್ತಾನೆ, ಎಪ್ಪತ್ತು. ಮತ್ತೆ ನೋಡುತ್ತಾನೆ, ಎಪ್ಪತ್ತೆರಡು. ಸಮಯ ಓಡುತ್ತಿತ್ತು.

“ಡಾಕ್ಟ್ರಕ್ಕ, ಇವಳಿಗೆ ಎಂತಾಗಿದೆ ಅಂತ ಅರ್ಥವೇ ಆಗುದಿಲ್ಲ. ನಾನು ಹೇಳ್ತೇನೆ, ಇದು ಕಣ್ಣುದೃಷ್ಟಿ.”

ನಾನು ಬೇಲಿಯಾಚೆಯಿಂದ ನೋಡಿದೆ. ಕುದುರೆಯ ಸುತ್ತ ಇಡೀ ಕುಟುಂಬ. ಒಬ್ಬ ಚಿಕ್ಕಪ್ಪ ಹಣೆ ಸವರುತ್ತಿದ್ದ, ಒಬ್ಬಳು ಅತ್ತೆ ಧೂಪದ ಪಾತ್ರೆಯನ್ನು ಮೂಗಿನ ಹತ್ತಿರ ಸುತ್ತಿಸುತ್ತಿದ್ದಳು, ಮಕ್ಕಳು ಬಾಲದ ಹತ್ತಿರ ವಿಡಿಯೋ ತೆಗೆಯುತ್ತಿದ್ದರು, ಎಲ್ಲರೂ ಒಟ್ಟಿಗೆ ಮಾಷಾಅಲ್ಲಾ ಎನ್ನುತ್ತಿದ್ದರು. ರೀಮ್ ಕಿವಿಗಳನ್ನು ಆ ಕಡೆ ಈ ಕಡೆ ತಿರುಗಿಸಿ ಸುಸ್ತಾಗಿತ್ತು.

“ದೃಷ್ಟಿ ಅಲ್ಲ ಹಮೀದಾಕ, ಇದು ಪ್ರೀತಿ ಜಾಸ್ತಿಯಾದದ್ದು. ಓಡಿಸಿ ಅವರನ್ನೆಲ್ಲ.”

“ನಾನಾ? ಯಜಮಾನರ ತಮ್ಮಂದಿರನ್ನು? ಇಕಾಮಾ ರದ್ದಾದ್ರೆ ನೀವು ನಂಗೆ ಕೆಲಸ ಕೊಡ್ತೀರಾ?”

ಅವನು ಹೇಳಿದ್ದೂ ಸರಿಯೇ. ಇಕಾಮಾ ಎಂದರೆ ಈ ದೇಶದಲ್ಲಿ ಉಳಿಯುವ ಪರವಾನಗಿ, ಅದು ಯಜಮಾನರ ಕೈಯಲ್ಲಿ. ನಾನು ನೇರ ಡೇರೆಗೆ ಹೋದೆ. ಉಮ್ಮಿ ಕಪ್ಪು ಅಬಾಯಾದಲ್ಲಿ, ಕೋಲು ಹಿಡಿದು, ಕುರ್ಚಿಯಲ್ಲಿ ಕೂತಿದ್ದರು. ನನ್ನ ಅರಬಿ ಲಾಯದಲ್ಲಿ ಕಲಿತದ್ದು, ನಯ ಕಡಿಮೆ.

“ಉಮ್ಮಿ, ಕುದುರೆಗೆ ನಿಮ್ಮ ಮನೆಯವರ ಗಲಾಟೆಯಿಂದ ಎದೆ ಹೊಡೆದುಕೊಳ್ತಾ ಇದೆ.”

“ಮದುವೆಯಾಗಿ ಬಂದ ದಿನ ನನಗೂ ಹಾಗೇ ಆಗಿತ್ತು” ಎಂದರು. ಎದ್ದು ಡೇರೆಯ ಬಾಗಿಲಿಗೆ ಬಂದು ಕೋಲೆತ್ತಿದರು. “ಯಲ್ಲಾ! ಎಲ್ಲರೂ ಗಾವಾಕ್ಕೆ ಬನ್ನಿ!”

ಆ ಒಂದು ಕೂಗಿಗೆ ಜಾಗ ಖಾಲಿ. ಹೆಸ್ಸಾ ಮತ್ತು ಹಮೀದಾಕ ಇಬ್ಬರೇ ಉಳಿದರು. ರೀಮ್ ತಲೆ ತಗ್ಗಿಸಿ ಒಂದು ದೊಡ್ಡ ಉಸಿರು ಬಿಟ್ಟಿತು. ಗೇಟಿನೊಳಗೆ ನಾನು ಸ್ಟೆತಾಸ್ಕೋಪ್ ಇಟ್ಟಾಗ ಅರವತ್ತು. ಎರಡನೆಯ ಸುತ್ತಿನಲ್ಲಿ ಉಮ್ಮಿ ಯಾರನ್ನೂ ಡೇರೆಯಿಂದ ಹೊರಗೇ ಬಿಡಲಿಲ್ಲ.

ಕೊನೆಯ ಸುತ್ತಿಗೆ ಬಿಡುವ ಮೊದಲಿನ ಪರೀಕ್ಷೆ. ರೀಮ್ ಆಗ ಮೊದಲ ಐದರಲ್ಲಿತ್ತು. ಬಡಿತ ಒಳ್ಳೆಯದು, ಒಸಡು ಒಳ್ಳೆಯದು, ಹೊಟ್ಟೆಯಲ್ಲಿ ಸದ್ದಿದೆ. ಓಡಿಸಿದರು. ಹೋಗುವಾಗ ಚೆನ್ನಾಗಿ ಹೋಯಿತು. ತಿರುಗಿ ಬರುವಾಗ ಹಿಂದಿನ ಎಡಗಾಲು ಒಂದಿಷ್ಟು ಗಿಡ್ಡ ಬಿತ್ತು. ಒಂದಿಷ್ಟು ಎಂದರೆ, ಹತ್ತಿರವಿದ್ದ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಕಾಣದಷ್ಟು. ಮತ್ತೊಮ್ಮೆ ಓಡಿಸಲು ಹೇಳಿದೆ. ಮತ್ತೆ ಅದೇ.

ಇಂಥ ಸಂದೇಹ ಬಂದರೆ ಮೂವರು ವೈದ್ಯರು ನೋಡಬೇಕು. ಒಬ್ಬರ ಮುಖ ಒಬ್ಬರು ನೋಡದೆ ಚೀಟಿಯಲ್ಲಿ ತಮ್ಮ ಅಭಿಪ್ರಾಯ ಬರೆದು ಕೊಡಬೇಕು. ಸಮೀರ್ ಮತ್ತು ಇನ್ನೊಬ್ಬ ವೈದ್ಯರು ಬಂದು ನಿಂತರು. ಹಗ್ಗ ಹಿಡಿದು ಓಡಿಸುತ್ತಿದ್ದ ಹಮೀದಾಕ ನನ್ನ ಪಕ್ಕದಿಂದ ಹಾದು ಹೋಗುವಾಗ, ತುಳು ಬಿಟ್ಟು ಕನ್ನಡದಲ್ಲಿ ಹೇಳಿದ.

“ಡಾಕ್ಟ್ರಕ್ಕ, ಊರಿನವರು ಅಂತ ಸ್ವಲ್ಪ ನೋಡಿ. ಹುಡುಗಿಯದ್ದು ಇಡೀ ಜೀವಮಾನದ ಪ್ರಶ್ನೆ.”

“ಊರಿನವರು ಅಂದ್ರೆ ಕಾಲು ನೆಟ್ಟಗಾಗ್ತದಾ ಹಮೀದಾಕ? ಓಡಿಸಿ.”

ಅವನು ಓಡಿಸಿದ. ಹೆಸ್ಸಾ ಬೇಲಿ ಹಿಡಿದು ನಿಂತಿದ್ದಳು. ಕುದುರೆಯನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಮಗುವಾಗಿದ್ದಾಗಿನಿಂದ ನಾನು ಕಂಡ ಹುಡುಗಿ. ರೀಮ್‌ಗೆ ಹೊಟ್ಟೆನೋವು ಬಂದಾಗ ಲಾಯದಲ್ಲಿ ನನ್ನ ಜೊತೆ ಹುಲ್ಲಿನ ಮೇಲೆ ಕೂತು ಕಾದವಳು. ಸುಳ್ಳು ಹೇಳುವುದಿಲ್ಲ, ಪೆನ್ನು ಒಂದು ಕ್ಷಣ ನಿಂತಿತು. ಒಂದೇ ಸುತ್ತು ಉಳಿದಿದೆ, ಬಹುಶಃ ಏನೂ ಆಗಲಿಕ್ಕಿಲ್ಲ ಎಂಬ ಯೋಚನೆ ಬಂತು. ಬಹುಶಃ ಎಂಬುದರ ಮೇಲೆ ಒಂದು ಪ್ರಾಣಿ, ಅದರ ಬೆನ್ನಿನ ಮೇಲೆ ಒಬ್ಬಳು ಹುಡುಗಿ. ‘ಬೇಡ’ ಎಂದು ಬರೆದೆ.

ಚೀಟಿಗಳನ್ನು ಬಿಚ್ಚಿದರು. ಎರಡು ಬೇಡ, ಒಂದು ಆಗಬಹುದು. ರೀಮ್ ಓಟದಿಂದ ಹೊರಗೆ.

ಸಮೀರ್ ಚಹಾದ ಗ್ಲಾಸು ಕೆಳಗಿಟ್ಟರು. “ಕುಟುಂಬಕ್ಕೆ ನೀವೇ ಹೇಳಿ ದಕ್ತೂರಾ. ನಾನು ಹೇಳಿದರೆ ಅಬು ನಾಸಿರ್ ಕಿರುಚುತ್ತಾರೆ. ನೀವು ಹೇಳಿದರೆ ಅಳುತ್ತಾರೆ, ಅದು ವಾಸಿ.”

ಹೆಸ್ಸಾ ನನ್ನ ಜೊತೆ ಡೇರೆಯವರೆಗೆ ನಡೆದು ಬಂದಳು. ಒಳಗೆ ಹೋಗಿ, “ಖಲಾಸ್, ರೀಮ್ ಇನ್ನು ಓಡುವುದಿಲ್ಲ” ಎಂದೆ. ಅಬು ನಾಸಿರ್ ಎದ್ದು ನಿಂತರು.

“ಏನಾಗಿದೆ ಕುದುರೆಗೆ? ನಾನು ನೋಡಿದೆ, ಚೆನ್ನಾಗಿ ಓಡ್ತು!”

“ಈಗ ಏನೂ ಆಗಿಲ್ಲ” ಎಂದೆ. “ಹಿಂದಿನ ಕಾಲಿನಲ್ಲಿ ನೋವು ಶುರುವಾಗಿದೆ. ಕೆಲವು ದಿನ ವಿಶ್ರಾಂತಿ ಕೊಟ್ಟರೆ ಹೋಗ್ತದೆ. ಇನ್ನೊಂದು ಸುತ್ತು ಓಡಿಸಿದರೆ ಏನಾಗ್ತದೆ ಅಂತ ನಾನು ಹೇಳಲಾರೆ.”

“ಅಂದರೆ ಏನೂ ಆಗದ ಕುದುರೆಯನ್ನು ನಿಲ್ಲಿಸಿದ್ದೀರಿ!”

“ಹೌದು. ಆಗುವ ಮೊದಲು ನಿಲ್ಲಿಸಿದ್ದೇವೆ.”

ಅವರು ಬಾಯಿ ತೆರೆದರು. ಉಮ್ಮಿಯ ಕೋಲು ನೆಲಕ್ಕೆ ಬಡಿಯಿತು. ಅವರು ಬಾಯಿ ಮುಚ್ಚಿದರು.

“ಇಲ್ಲಿ ಬಾ” ಎಂದು ಉಮ್ಮಿ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. “ಈ ಮನೆಯಲ್ಲಿ ನನ್ನನ್ನು ಬಿಟ್ಟರೆ ಬೇರೆ ಯಾರೂ ಯಾರಿಗೂ ‘ಬೇಡ’ ಅಂತ ಹೇಳುವುದಿಲ್ಲ. ನೀನು ನನ್ನ ಮಗನಿಗೆ ಹೆದರಲಿಲ್ವಾ?”

“ಹೆದರಿದೆ.”

“ಆದರೂ ನಿಲ್ಲಿಸಿದೆ.”

“ನಿಲ್ಲಿಸುವುದೇ ನನ್ನ ಕೆಲಸ ಉಮ್ಮಿ. ಅದಕ್ಕೇ ನನ್ನನ್ನು ಓದಿಸಿದ್ದು.”

ಉಮ್ಮಿ ಮೊಮ್ಮಗಳ ಕಡೆ ತಿರುಗಿದರು. ಹೆಸ್ಸಾ ಬಾಗಿಲಿನಲ್ಲಿ ಹೆಲ್ಮೆಟ್ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು, ಮುಖದ ತುಂಬ ಧೂಳು, ಧೂಳಿನ ಮೇಲೆ ಎರಡು ಒದ್ದೆ ಗೆರೆ.

“ಹುಡುಗಿ, ಹೋದ ವರ್ಷ ನೀನು ಬಿದ್ದಾಗ ನಾನು ಏನೆಂದುಕೊಂಡೆ ಗೊತ್ತಾ? ಅಲ್ಲಿ ಇರುವವರೆಲ್ಲ ಚಪ್ಪಾಳೆ ತಟ್ಟುವವರು, ಬೇಡ ಅನ್ನುವವರು ಒಬ್ಬರೂ ಇಲ್ಲ ಅಂತ. ನಿನ್ನ ಅಜ್ಜ ಒಂಟೆ ಓಡಿಸಿ ಸೊಂಟ ಮುರಿದುಕೊಂಡಾಗಲೂ ಎಲ್ಲರೂ ಚಪ್ಪಾಳೆಯೇ ತಟ್ಟಿದ್ದು.” ಕೋಲನ್ನು ನನ್ನ ಕಡೆ ತೋರಿಸಿದರು. “ಇವಳು ಬೇಡ ಅಂದಳು. ಇಷ್ಟು ಜನರ ಎದುರು. ಹಾಗಾದರೆ ಓಡು.”

ಹೆಸ್ಸಾಗೆ ಅರ್ಥವಾಗಲಿಲ್ಲ. “ಆದರೆ ನಾನು ಓಟ ಮುಗಿಸಲಿಲ್ಲವಲ್ಲ ಉಮ್ಮಿ.”

“ಮುಗಿಸಿದ್ದರೆ, ನಿಲ್ಲಿಸುವವರು ಯಾರೂ ಇಲ್ಲ ಅಂತ ನಾಳೆ ಮತ್ತೆ ಹೆದರುತ್ತಿದ್ದೆ. ಕುದುರೆ ವಾಸಿಯಾಗಲಿ, ಓಡು. ಆದರೆ ಈ ದಕ್ತೂರಾ ಇಲ್ಲದ ಕಡೆ ಓಡಕೂಡದು.”

ಡೇರೆಯಲ್ಲಿದ್ದ ಅತ್ತೆಯಂದಿರು ಒಟ್ಟಿಗೆ ಮಾತಾಡತೊಡಗಿದರು. ಹೆಸ್ಸಾ ಹೆಲ್ಮೆಟ್ ಬಿಸಾಡಿ ಅಜ್ಜಿಯ ಮಡಿಲಿಗೆ ತಲೆಯಿಟ್ಟಳು. ಅಬು ನಾಸಿರ್ ನನ್ನ ಕೈಗೆ ಗಾವಾದ ಬಟ್ಟಲು ಕೊಟ್ಟರು, ಮುಖ ಇನ್ನೂ ಗಂಟಾಗಿತ್ತು. ಹೊರಗೆ ಹಮೀದಾಕ ರೀಮ್‌ನ ಕಾಲಿಗೆ ಐಸು ಕಟ್ಟುತ್ತಾ ಕೂತಿದ್ದ, ನನ್ನನ್ನು ನೋಡಿ ಮುಖ ತಿರುಗಿಸಿದ. ಒಳಗೆ ಆದದ್ದನ್ನು ಹೇಳಿದೆ. ಅವನು ಐಸಿನ ಚೀಲ ಕೈಯಲ್ಲೇ ಹಿಡಿದು ಯೋಚಿಸಿದ.

“ಅಂದ್ರೆ ಡಾಕ್ಟ್ರಕ್ಕ, ಇನ್ನು ಪ್ರತಿ ಓಟಕ್ಕೂ ನೀವೇ?”

“ನಾನೇ.”

“ಹುಡುಗಿ ಬ್ಯಾಂಕಿಗೆ ಹೋದ್ರೇ ನಂಗೆ ಆರಾಮಿತ್ತು” ಎಂದ.

ಹೆಸ್ಸಾ ಆಮೇಲೆ ಅನೇಕ ಋತು ಓಡಿದಳು. ಕೆಲವು ಗೆದ್ದಳು, ಕೆಲವನ್ನು ನಾನೇ ನಿಲ್ಲಿಸಿದೆ, ಒಮ್ಮೆ ಅವಳೇ ನನಗಿಂತ ಮೊದಲು ಇಳಿದು ನಿಲ್ಲಿಸಿದಳು. ಕಳೆದ ವರ್ಷ ನಾನು ನಿವೃತ್ತಿ ಅರ್ಜಿ ಕೊಟ್ಟ ಸುದ್ದಿ ತಿಳಿದು ಉಮ್ಮಿ ಮನೆಗೆ ಕರೆಸಿದರು. ಕಣ್ಣು ಮಂಜಾಗಿದೆ, ದನಿ ಹಾಗೇ ಇದೆ.

“ನಿನ್ನ ಜಾಗಕ್ಕೆ ಯಾರು ಬರ್ತಾರೆ?”

“ಹೊಸ ಹುಡುಗಿ ಉಮ್ಮಿ. ಈಗಷ್ಟೇ ಓದು ಮುಗಿಸಿದ್ದಾಳೆ.”

“ಅವಳಿಗೆ ಬೇಡ ಅನ್ನಲು ಬರ್ತದಾ?”

“ಕಲೀತಾಳೆ.”

“ಮೊದಲು ನನ್ನ ಹತ್ತಿರ ಕಳಿಸು” ಎಂದರು ಉಮ್ಮಿ. “ಒಂದು ಮಧ್ಯಾಹ್ನ ಊಟಕ್ಕೆ ಕೂರಿಸ್ತೇನೆ. ಈ ಮನೆಯಲ್ಲಿ ಮೂರನೇ ಸಲ ಅನ್ನ ಬಡಿಸುವಾಗ ಬೇಡ ಅಂದು ಗೆದ್ದರೆ, ಅವಳು ಪಾಸು.”